ಮಾವ ಬಿಟ್ಟುಹೋದ ಗಾಲ್ಫ್ ಡ್ರೈವರ್

ಮಾವ,

ಕ್ಷೇಮ ವಿಚಾರಿಸುವ ಮನಸ್ಸಿಲ್ಲ. ನೀವು ಹೋಗಿ ವರ್ಷವಾಯಿತು, ಈಗ ಕ್ಷೇಮ ಕೇಳಿ ನಾನೇನು ಮಾಡಲಿ? ಇದು ಜಗಳದ ಪತ್ರ. ನೀವಿದ್ದಾಗ ನಿಮ್ಮೆದುರು ಒಂದು ದಿನವೂ ದನಿ ಎತ್ತಿದವಳಲ್ಲ ನಾನು. ನಮ್ಮ ಸಾಂತಾಕ್ರೂಜಿನ ಹೋಟೆಲಿನಲ್ಲಿ ನೀವು ಒಮ್ಮೆ ಕೆಮ್ಮಿದರೆ ಸಾಕು, ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು ನಿಲ್ಲುತ್ತಿತ್ತು. ಇನ್ನು ಸೊಸೆಯ ಬಾಯಿ ಎಲ್ಲಿಂದ ತೆರೆಯಬೇಕು? ಈಗ ನೀವು ಮಧ್ಯೆ ತಡೆಯುವಂತಿಲ್ಲ. ಸುಮ್ಮನೆ ಕೂತು ಕೇಳಿ.

ನನ್ನನ್ನು ಮೊದಲ ಸಲ ಗಾಲ್ಫ್ ಕ್ಲಬ್ಬಿಗೆ ಕರೆದುಕೊಂಡು ಹೋದ ಶನಿವಾರ ನೆನಪಿದೆಯೇ? ಅಲ್ಲಿಯತನಕ ನನ್ನ ಲೋಕ ಅಂದರೆ ಮನೆ ಮತ್ತು ಹೋಟೆಲು. ಘಾಟ್ಕೋಪರಿನ ಚಾಳಿನಲ್ಲಿ ಬೆಳೆದವಳು ನಾನು, ಅಷ್ಟು ಹುಲ್ಲನ್ನು ಒಂದೇ ಕಡೆ ನೋಡಿದ್ದೇ ಅಂದು. ನೀವು ಚೀಲದಿಂದ ಎಲ್ಲಕ್ಕಿಂತ ಉದ್ದದ ಕೋಲನ್ನು ಎಳೆದು ನನ್ನ ಕೈಗೆ ಕೊಟ್ಟಿರಿ. "ಕಾಣ್ ಹೆಣ್ಣೆ, ಇದ್ ಡ್ರೈವರ್. ತಲೆ ಕಾಣ್, ತೆಂಗಿನ ಗೆರಟೆ ಇದ್ದಂಗ್ ಇತ್ತ್. ಮೊದಲ್ನೇ ಹೊಡ್ತ ಇದ್ರದ್ದೇ, ಚೆಂಡ್ ದೂರ ಹೋಯ್ಕ್" ಅಂದಿರಿ. ಆಮೇಲೆ ಅದೇ ಡ್ರೈವರಿನಲ್ಲಿ ಕೆರೆಯ ಆಚೆ ದಡಕ್ಕೆ ಚೆಂಡು ಹಾರಿಸಿದ ಕಥೆ. ಆ ಕಥೆಯನ್ನು ನಾನು ಎಷ್ಟು ಸಲ ಕೇಳಿದ್ದೇನೆ! ಪ್ರತಿ ಸಲವೂ ಬಾಯಿ ತೆರೆದುಕೊಂಡೇ ಕೇಳಿದೆ.

ಹೊಡೆದೆ. ಚೆಂಡು ಬಲಕ್ಕೆ ತಿರುಗಿ ಮರಗಳ ನಡುವೆ ಹೋಯಿತು. ಮರುವಾರವೂ ಬಲಕ್ಕೆ. ಮಳೆಗಾಲ ಕಳೆದು ಹುಲ್ಲು ಮತ್ತೆ ಒಣಗಿದರೂ ಬಲಕ್ಕೇ. ಬೇರೆ ಕೋಲುಗಳಲ್ಲಿ ನಾನು ಚೆನ್ನಾಗಿಯೇ ಆಡುತ್ತಿದ್ದೆ, ನೀವೇ ಹೊಗಳುತ್ತಿದ್ದಿರಿ. ಡ್ರೈವರ್ ಹಿಡಿದರೆ ಮಾತ್ರ ಹೀಗೆ. ನೀವು ಹಿಂದೆ ನಿಂತು ಹೇಳುತ್ತಿದ್ದ ಮಾತು ಒಂದೇ. "ಕೋಲಂಗೆ ಎಂತದ್ದೂ ತೊಂದ್ರೆ ಇಲ್ಲ. ನಿಂಗೆ ಧೈರ್ಯ ಸಾಲ್ದ್." ಹೆಂಗಸರ ಕೈಗೆ ಹೊಂದುವ ಹಗುರದ ಡ್ರೈವರ್ ಸಿಗುತ್ತದಂತೆ, ಒಂದು ಕೊಳ್ಳಲೇ ಅಂತ ಕೇಳಿದೆ. "ಒಂದ್ ಮನೆಗ್ ಎಷ್ಟ್ ಡ್ರೈವರ್ ಬೇಕ್ ಮಾರಾಯ್ತಿ? ನನ್ನದ್ ಇಲ್ದಾ?" ಅಂದುಬಿಟ್ಟಿರಿ. ತಪ್ಪು ನನ್ನ ಕೈಯದೇ ಅಂತ ಒಪ್ಪಿಕೊಂಡೆ. ನಾಲ್ಕು ವರ್ಷ ಒಪ್ಪಿಕೊಂಡೇ ಇದ್ದೆ, ಮಾವ!

ನಿಮ್ಮ ಮಂಡಿ ನೋವಿನ ವಿಷಯಕ್ಕೂ ಬರುತ್ತೇನೆ. ಶನಿವಾರಗಳಲ್ಲಿ ನೀವು ನನ್ನ ಜೊತೆ ಬರುತ್ತಿದ್ದಿರಿ, ಆಡುತ್ತಿರಲಿಲ್ಲ. "ಮಂಡಿ ಹಿಡ್ಕಂಡಿತ್ತ್, ನೀನ್ ಆಡ್, ನಾನ್ ಕಾಂತೆ" ಅನ್ನುತ್ತಾ ಛತ್ರಿ ಹಿಡಿದು ಹಿಂದೆ ಹಿಂದೆ ನಡೆಯುತ್ತಿದ್ದಿರಿ. ಆ ಮಂಡಿಗೆ ನಾನು ಎಣ್ಣೆ ಬಿಸಿ ಮಾಡಿ ಕೊಡುತ್ತಿದ್ದೆ. ನೀವು ಆಡುತ್ತಿದ್ದದ್ದು ಭಾನುವಾರ, ಗೆಳೆಯ ದೇಸಾಯಿ ಕಾಕಾ ಜೊತೆ. ವೈದ್ಯರು ವಾರಕ್ಕೆ ಒಂದು ಸಲ ಆಡಬಹುದು ಅಂದಿದ್ದಾರೆ ಅಂತ ನೀವೇ ಹೇಳಿದ್ದು. ಭಾನುವಾರ ಬೆಳಿಗ್ಗೆ ನಮ್ಮ ಹೋಟೆಲಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಗಲ್ಲಾದಲ್ಲಿ ನಾನು ಕೂರಬೇಕು. ಹಾಗಾಗಿ ನಿಮ್ಮ ಆಟವನ್ನು ನಾನು ಒಮ್ಮೆಯೂ ನೋಡಲಿಲ್ಲ. ಅದು ಹೇಗೆ ಅಷ್ಟು ಸರಿಯಾಗಿ ಹೊಂದಿಬಂತು ಅಂತ ಆಗ ಹೊಳೆಯಲೇ ಇಲ್ಲವಲ್ಲ...

ಬೊಜ್ಜದ ದಿನ, ಅಂದರೆ ನಿಮ್ಮ ಹದಿಮೂರನೆಯ ದಿನದ ಕಾರ್ಯದಂದು, ನಿಮಗೆ ಇಷ್ಟವಾದದ್ದನ್ನೆಲ್ಲ ಎಲೆಗೆ ಬಡಿಸಿದೆವು. ಬಂಗುಡೆ ಸಾರು, ಕೋಳಿ, ಒಂದು ಲೋಟ ಹೋಟೆಲಿನ ಕಾಫಿ. ಅತ್ತೆ ಒಳಗಿನಿಂದ ಆ ಡ್ರೈವರನ್ನು ತಂದು ಎಲೆಯ ಪಕ್ಕದಲ್ಲಿ ಇಟ್ಟರು. ಕಾರ್ಯ ಮುಗಿದ ಮೇಲೆ ಎಲ್ಲರ ಎದುರು ನನ್ನ ಕೈಗೆ ಕೊಟ್ಟರು. "ಇದ್ರಂಗೆ ಅವ್ರ್ ಕೈ ಇತ್ತ್. ನೀನೇ ಆಡ್ಕ್" ಅಂದರು, ಇದರಲ್ಲಿ ಅವರ ಕೈ ಇದೆ, ನೀನೇ ಆಡಬೇಕು ಅಂತ. ಹಾಗೆ ಹೇಳಿದ ಮೇಲೆ ಬೇಡ ಅನ್ನುವ ಸೊಸೆ ಎಲ್ಲಿದ್ದಾಳೆ? ನಾನು ಅತ್ತುಬಿಟ್ಟೆ. ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡೆ. ಈಗ ಅದನ್ನು ನೆನೆಸಿಕೊಂಡರೆ ಮೈ ಉರಿಯುತ್ತದೆ.

ಆಮೇಲಿನ ಒಂದು ವರ್ಷ ಹೇಗೆ ಕಳೆಯಿತು ಅಂತ ನಿಮಗೆ ಗೊತ್ತಿಲ್ಲ. ನನ್ನ ಜೊತೆ ಆಡುವ ಮೂವರು ಹೆಂಗಸರು ಒಳ್ಳೆಯವರು. ನನ್ನ ಚೆಂಡು ಮರದೊಳಗೆ ಹೋದಾಗಲೆಲ್ಲ ಬೇರೆ ಕಡೆ ನೋಡುತ್ತಿದ್ದರು. ಬೈದಿದ್ದರೂ ತಡೆದುಕೊಳ್ಳಬಹುದಿತ್ತು. ಜೋರಾಗಿ ಬೀಸಿ ಬೀಸಿ ಬಲ ಮಣಿಕಟ್ಟು ಊದಿಕೊಂಡಿತು, ಗಲ್ಲಾದಲ್ಲಿ ಕೂತು ಚಿಲ್ಲರೆ ಕೊಡಲೂ ಕಷ್ಟ. ಈ ಡ್ರೈವರ್ ಬಿಟ್ಟುಬಿಡಲೇ ಅಂತ ನಿಮ್ಮ ಮಗ, ನನ್ನ ಗಂಡ ಪ್ರದೀಪನನ್ನು ಕೇಳಿದೆ. "ಬಿಡೋದಾದ್ರೆ ಬಿಡು. ಹೋಟೆಲಲ್ಲಿ ಪಪ್ಪನ ಫೋಟೋ ಬಾಜೂಕೆ ಹ್ಯಾಂಗ್ ಮಾಡುವ, ಹಾರ ಹಾಕುವ" ಅಂದ. ದಿನವಿಡೀ ಗಲ್ಲಾದಲ್ಲಿ ಕೂತು ಆ ಕೋಲನ್ನು ನೋಡುತ್ತಾ ಇರಬೇಕಂತೆ! ಕೋಲು ಬಿಟ್ಟರೆ ನಿಮ್ಮನ್ನೇ ಚೀಲದಿಂದ ಹೊರಗೆ ಹಾಕಿದ ಹಾಗೆ, ಬಿಡದಿದ್ದರೆ ಆಟವೇ ಬೇಡ ಅನ್ನಿಸುವ ಹಾಗೆ. ವಾರದಲ್ಲಿ ನನ್ನದು ಅಂತ ಇರುವುದು ಆ ಒಂದು ಶನಿವಾರದ ಬೆಳಗು. ಅದನ್ನೂ ಬಿಟ್ಟು ಮನೆಯಲ್ಲಿ ಕೂರೋಣ ಅನ್ನುವಲ್ಲಿಗೆ ಬಂದಿದ್ದೆ.

ಹೋದ ತಿಂಗಳು ಪ್ರದೀಪ ಇನ್ನೊಂದು ಯೋಚನೆ ತಂದ. "ಪಪ್ಪನ ವರ್ಷಕ್ಕೆ ಕ್ಲಬ್ಬಲ್ಲಿ ಒಂದು ಪ್ರೈಜ್ ಇಡುವ. ಲಾಂಗೆಸ್ಟ್ ಡ್ರೈವ್. ಯಾರ ಚೆಂಡು ಎಲ್ಲರಿಗಿಂತ ದೂರ ಹೋಗ್ತದೋ ಅವರಿಗೆ ಕಪ್. ಫಸ್ಟ್ ಶಾಟ್ ನೀನು ಹೊಡಿ, ಪಪ್ಪನ ಡ್ರೈವರಿಂದ. ಅಚ್ಛಾ ಲಗೇಗಾ, ಚಂದ ಕಾಣ್ತದೆ." ಕ್ಲಬ್ಬಿನವರು, ಊರಿನವರು, ಅತ್ತೆ, ಎಲ್ಲರ ಎದುರು ಮಾವನ ಕೋಲಿನಿಂದ ಚೆಂಡನ್ನು ಮರಕ್ಕೆ ಹೊಡೆಯಬೇಕೇ?

ದೇಸಾಯಿ ಕಾಕಾ ಅದೇ ವಾರ ಹೋಟೆಲಿಗೆ ಇಡ್ಲಿ ತಿನ್ನಲು ಬಂದರು. ಧಾರವಾಡದವರು, ಬ್ಯಾಂಕಿನಿಂದ ನಿವೃತ್ತರು, ನಿಮಗೆ ಗೊತ್ತಿರುವವರ ಬಗ್ಗೆ ನಿಮಗೇ ಏನು ಹೇಳಲಿ. ಗಲ್ಲಾದ ಬಳಿ ಬಂದಾಗ ಅವರ ಹತ್ತಿರ ನನ್ನ ಹೆದರಿಕೆ ಹೇಳಿಕೊಂಡೆ. ಅವರು ಕಾಫಿ ಕೆಳಗಿಟ್ಟರು.

"ತಂಗೀ, ಆ ಡ್ರೈವರ್ ಹಿಡಕೊಂಡು ನಾಕ ಮಂದಿ ಮುಂದ ನಿಂದರಬ್ಯಾಡ. ಅದು ನಿಮ್ಮ ಮಾವಗೂ ಕೈ ಕೊಟ್ಟದ."

"ಏನು ಕಾಕಾ? ಕೆರೆ ದಾಟಿಸಿ ಹೊಡೆದಿದ್ದರಲ್ಲ?"

"ಒಮ್ಮೆ ಹೊಡದಿದ್ದ, ಖರೆ. ನಾನss ನೋಡೇನಿ. ಆಮ್ಯಾಲ ಎಲ್ಲಾ ಚೆಂಡು ಬಲಕ್ಕ, ಗಿಡದಾಗ. ನೀ ಆಟಕ್ಕ ಬರೋಕಿಂತ ಮೊದಲss ಅದನ್ನ ಬಿಟ್ಟಿದ್ದ. ಅದಕ್ಕಿಂತ ಸಣ್ಣದು ಐತೆಲ್ಲಾ, ತ್ರೀ ವುಡ್, ಅದನ್ನ ಹಿಡದು ಮಸ್ತ್ ಆಡ್ತಿದ್ದ ಮುದುಕ."

"ಮಂಡಿ ನೋವಿತ್ತಲ್ಲ ಕಾಕಾ?"

"ಯಾರ ಮಂಡಿ? ರವಿವಾರ ನನಗಿಂತ ಮುಂದ ಓಡ್ತಿದ್ದನಲ್ಲ! ನಿನ್ನ ಮುಂದ ಆಡಿದ್ರ ಡ್ರೈವರ್ ಹೊಡೀಲಿಕ್ಕೆ ಬರೂದಿಲ್ಲಂತ ತಿಳೀತದ, ಸೊಸಿ ಮುಂದ ಮರ್ಯಾದಿ ಹೋಗ್ತದ ಅಂತ ಅಂಜತಿದ್ದ. ಯಾರಿಗೂ ಹೇಳಬ್ಯಾಡ ಅಂದಿದ್ದ. ಈಗ ಹೇಳಿಬಿಟ್ಟೆ, ಬೈತಾನೋ ಏನೋ."

ಬಿಲ್ಲು ಕೊಡಲು ನಿಂತವರು ಕರೆಯುತ್ತಿದ್ದರು, ನನಗೆ ಕೇಳಿಸಲಿಲ್ಲ.

ಆಗ ನನ್ನ ತಲೆಯ ಮೇಲೆಯೇ ತೂಗುತ್ತಿದ್ದ ಹೋಟೆಲಿನ ತಿಂಡಿಗಳ ಬೋರ್ಡು ಕಣ್ಣಿಗೆ ಬಿತ್ತು. ಅದರಲ್ಲಿ ಕೊಟ್ಟೆ ಕಡುಬು ಅಂತ ಇತ್ತು. ಹಲಸಿನ ಎಲೆಯನ್ನು ಮಾಟುಂಗದಿಂದ ತರಿಸಿ, ಹಿಟ್ಟು ಹೊಯ್ಯಲು ಅದರ ಕೊಟ್ಟೆ ಕಟ್ಟುವವರು ಸಿಗದೆ, ಕಡುಬು ಕಲ್ಲಾಗಿ, ನೀವು ಅದನ್ನು ಮಾಡಿಸುವುದು ನಿಲ್ಲಿಸಿ ಯಾವ ಕಾಲವಾಯಿತು? ಬೋರ್ಡಿನಿಂದ ಮಾತ್ರ ತೆಗೆಸಲಿಲ್ಲ. ಯಾರಾದರೂ ಕೇಳಿದರೆ "ಈಗಷ್ಟೇ ಖಾಲಿ ಆಯ್ತ್ ಅಂತ ಹೇಳಿ" ಅಂತ ಸಪ್ಲೈಯರುಗಳಿಗೆ ನೀವೇ ಕಲಿಸಿದ್ದಿರಿ. ಚೀಲದಲ್ಲಿ ಡ್ರೈವರನ್ನು ಇಟ್ಟುಕೊಂಡದ್ದೂ ಹೀಗೆಯೇ ಅಲ್ಲವೇ? ಗಿರಾಕಿಗಳಿಗೆ ಸುಳ್ಳು ಹೇಳುವುದು ಬೇರೆ ಮಾತು. ಆದರೆ ನಾನು ಗಿರಾಕಿಯೇ, ಮಾವ? ನನಗೆ ಆ ಕಲ್ಲು ಕಡುಬನ್ನೇ ಬಡಿಸಿ, ಅಗಿಯಲಾಗದಿದ್ದರೆ ನಿನ್ನ ಹಲ್ಲು ಸರಿಯಿಲ್ಲ ಅಂದಿರಲ್ಲ! ಅಂದೇ ಪೇಂಟರನ್ನು ಕರೆಸಿ ಬೋರ್ಡಿನ ಆ ಸಾಲನ್ನು ಅಳಿಸಿ ಹಾಕಿಸಿದೆ.

ನಿಮ್ಮ ಫೋಟೋದ ಎದುರು ದೀಪ ಹಚ್ಚುವಾಗಲೂ ಆ ವಾರವೆಲ್ಲ ಹಲ್ಲು ಕಚ್ಚಿಕೊಂಡೇ ಹಚ್ಚಿದೆ. ಬರಲಿಲ್ಲ ಅಂತ ಹೇಳಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು? ಹದಿನಾರನೇ ವಯಸ್ಸಿಗೆ ಕುಂದಾಪುರದಿಂದ ಬರಿಗೈಯಲ್ಲಿ ಬಂದು, ಕಪ್ಪು ಬಸಿ ತೊಳೆದು, ಸ್ವಂತ ಹೋಟೆಲು ಮಾಡಿದವರು ನೀವು. ಒಂದು ಕೋಲಿಗೆ ಸೋತರೆ ನಿಮ್ಮ ಯಾವ ಮರ್ಯಾದೆ ಕಡಿಮೆಯಾಗುತ್ತಿತ್ತು ನನ್ನ ಕಣ್ಣಲ್ಲಿ? ನಾನು ನಗುತ್ತಿದ್ದೆ, ನಿಜ. ನೀವೂ ನಗಬಹುದಿತ್ತು. ಇಬ್ಬರೂ ಸೇರಿ ಆ ಡ್ರೈವರಿಗೆ ಬೈದುಕೊಂಡು ಮನೆಗೆ ಬರಬಹುದಿತ್ತು. ಅದರ ಬದಲು ನಿಮ್ಮ ಸೋಲನ್ನು ಸದ್ದಿಲ್ಲದೆ ನನ್ನ ಕೈಗೆ ದಾಟಿಸಿ...

ಇವತ್ತು ಬೆಳಿಗ್ಗೆಯ ಮಾತು ಹೇಳುತ್ತೇನೆ. ಕ್ಲಬ್ಬಿನಲ್ಲಿ ಶಾಮಿಯಾನ ಹಾಕಿದ್ದರು. ನಿಮ್ಮ ಫೋಟೋ, ಅದರ ಪಕ್ಕ ಮೇಜಿನ ಮೇಲೆ ಕಪ್, ಗೊಂಡೆ ಹೂ ಸುತ್ತಿದ ಡ್ರೈವರ್. ಮೈಕ್ ಹಿಡಿದವರು ನಿಮ್ಮ ಕೆರೆ ದಾಟಿದ ಹೊಡೆತವನ್ನು ಹೊಗಳಿದರು, ಎಲ್ಲರೂ ಚಪ್ಪಾಳೆ ತಟ್ಟಿದರು. ಪ್ರದೀಪ ಡ್ರೈವರ್ ತಂದು ಕೈಗೆ ಕೊಟ್ಟ. ನಾನು ಅದನ್ನು ಮತ್ತೆ ಮೇಜಿನ ಮೇಲೆ ಇಟ್ಟೆ. ನಿಮ್ಮ ಚೀಲದಿಂದ ತ್ರೀ ವುಡ್ ತೆಗೆದುಕೊಂಡೆ.

"ಎಂತ ಮಾಡ್ತಿದ್ದಿ ನೀನು? ಸಬ್ ದೇಖ್ ರಹೇ ಹೈ, ಎಲ್ರೂ ನೋಡ್ತಿದ್ದಾರೆ" ಅಂತ ಪ್ರದೀಪ ಹಲ್ಲು ಬಿಗಿಹಿಡಿದು ಕೇಳಿದ.

"ಆ ಡ್ರೈವರ್ ನನಗೆ ಬರೋದಿಲ್ಲ. ಮಾವನಿಗೂ ಬರ್ತಿರ್ಲಿಲ್ಲ" ಅಂದೆ. ಮೆಲ್ಲಗೆ ಹೇಳಬೇಕು ಅಂದುಕೊಂಡಿದ್ದೆ, ಮೈಕು ಹತ್ತಿರವೇ ಇತ್ತು.

ಹಿಂದಿನ ಸಾಲಿನಿಂದ ಒಬ್ಬರು ಮುದುಕರು "ಮಲಾ ಪಣ್ ಯೇತ್ ನಾಹೀ" ಅಂದರು, ನನಗೂ ಬರೋದಿಲ್ಲ ಅಂತ. ಶಾಮಿಯಾನವೆಲ್ಲ ನಕ್ಕಿತು. ಅತ್ತೆ ನಗಲಿಲ್ಲ. ನನ್ನ ಮುಖವನ್ನೂ ನೋಡಲಿಲ್ಲ, ಸೆರಗು ಸರಿಮಾಡಿಕೊಂಡು ನೆಲ ನೋಡುತ್ತಾ ಕೂತರು. ಅವರನ್ನು ಸಮಾಧಾನ ಮಾಡುವ ಕೆಲಸವನ್ನೂ ನೀವು ನನಗೇ ಬಿಟ್ಟಿದ್ದೀರಿ. ಅದನ್ನು ಮಾಡುತ್ತೇನೆ, ಸುಳ್ಳು ಹೇಳದೆ ಮಾಡುತ್ತೇನೆ. ಆ ಡ್ರೈವರನ್ನು ಮಾತ್ರ ಇನ್ನು ಮುಟ್ಟುವುದಿಲ್ಲ, ಹೋಟೆಲಿನ ಗೋಡೆಗೆ ಏರಲೂ ಬಿಡುವುದಿಲ್ಲ.

ಹೊಡೆದೆ, ಮಾವ. ಚೆಂಡು ನೇರವಾಗಿ ಹೋಯಿತು. ಬಹಳ ದೂರವೇನೂ ಅಲ್ಲ, ಆಮೇಲೆ ಹುಡುಗರು ಹೊಡೆದದ್ದರ ಮುಂದೆ ಅದು ಏನೂ ಅಲ್ಲ. ದೇಸಾಯಿ ಕಾಕಾ ನನ್ನ ಜೊತೆ ನಡೆದು ಬಂದರು. ದಾರಿಯಲ್ಲಿ ನಾನೇ ಕೇಳಿದೆ, ತ್ರೀ ವುಡ್ಡಿನಲ್ಲಿ ಮಾವನ ಚೆಂಡು ಎಲ್ಲಿ ಬೀಳುತ್ತಿತ್ತು ಅಂತ. ಅವರು ಚೆಂಡಿನ ಹತ್ತಿರ ಬಂದ ಮೇಲೆ ನಿಂತರು. "ಇಲ್ಲೇ. ಇದss ಗುಲ್‌ಮೊಹರ್ ಗಿಡದ ನೆಳ್ಳಿನಾಗ. ಪ್ರತಿ ರವಿವಾರ ಇಲ್ಲೇ ಬಂದು ನಿಂದರತಿದ್ವಿ" ಅಂದರು.

ನನ್ನ ಚೆಂಡು ನಿಮ್ಮ ಜಾಗದಲ್ಲಿ ಬಿದ್ದಿತ್ತು. ನೀವು ಕೇಳದೆ ಹೋದ ಸುದ್ದಿ ಇದು. ನನ್ನ ಆಟ, ನಿಮ್ಮ ಆಟ, ಎರಡರ ಅಳತೆಯೂ ಒಂದೇ. ಮೇಲೆ ಇಲ್ಲ, ಕೆಳಗೆ ಇಲ್ಲ. ಆ ಶನಿವಾರಗಳಲ್ಲೆಲ್ಲ ನೀವು ಛತ್ರಿ ಹಿಡಿದು ನನ್ನ ಹಿಂದೆ ನಡೆಯಬೇಕಾಗಿರಲಿಲ್ಲ. ಪಕ್ಕದಲ್ಲಿ ಆಡುತ್ತಾ ಬರಬಹುದಿತ್ತು. ಒಂದು ವಾರ ನೀವು ಗೆಲ್ಲುತ್ತಿದ್ದಿರಿ, ಒಂದು ವಾರ ನಾನು. ನಾವಿಬ್ಬರೂ ಒಂದೇ ಒಂದು ಸಲವೂ ಒಟ್ಟಿಗೆ ಆಡಲಿಲ್ಲ, ಮಾವ.

ನಿಮ್ಮ ಸೊಸೆ,
ಶೈಲಾ