ಡಾರ್ಕ್‌ಫೀಲ್ಡ್ ಕಂಡೆನ್ಸರ್‌ನಲ್ಲಿ ಕಂಡದ್ದು

ಚಾಮರಾಜನಗರ
9-11-1995

ಪ್ರೀತಿಯ ಅಕ್ಕ ಗಂಗಾಂಬಿಕೆಗೆ,

ತಂಗಿಯ ಶರಣು. ದಸರೆಯಲ್ಲಿ ನೀನು ಬರೆದ ಕಾಗದಕ್ಕೆ ಈಗ ಉತ್ತರಿಸುತ್ತಿದ್ದೇನೆ, ಕೋಪ ಮಾಡಿಕೊಳ್ಳಬೇಡ. ಅಂಚೆಗೆ ಹಾಕಿದರೆ ನಿನ್ನ ಅತ್ತೆ ಒಡೆಸಿ ಓದಿಸುತ್ತಾರೆ. ಅದಕ್ಕೇ ನಿಮ್ಮ ತೆರಕಣಾಂಬಿಯ ನರ್ಸ್ ಭಾಗ್ಯಳ ಕೈಲಿ ಕಳಿಸಿದ್ದೇನೆ.

ನಾನು ಕೆಲಸ ಮಾಡುವ ಲ್ಯಾಬಿಗೆ ಡಾರ್ಕ್‌ಫೀಲ್ಡ್ ಕಂಡೆನ್ಸರ್ ಬಂತು. ಹೆಂಚಿನ ಸಂದಿಯಿಂದ ಬಿಸಿಲುಕೋಲು ಬಿದ್ದಾಗ ಕತ್ತಲ ಕೋಣೆಯಲ್ಲಿ ದೂಳು ಹೊಳೆಯುವುದನ್ನು ನಾವಿಬ್ಬರೂ ನೋಡುತ್ತ ಕೂರುತ್ತಿದ್ದೆವಲ್ಲ, ಹಾಗೆಯೇ ಇದು. ಮೈಕ್ರೋಸ್ಕೋಪಿನಲ್ಲಿ ನಡುವಿನ ಬೆಳಕನ್ನು ತಡೆದು ಓರೆಯಾಗಿ ಮಾತ್ರ ಬಿಡುತ್ತದೆ. ಹಿನ್ನೆಲೆ ಕಪ್ಪಾಗಿ, ಬಣ್ಣ ಹಾಕಿದರೂ ಕಾಣದ ಜೀವಿ ಬೆಳ್ಳಗೆ ಹೊಳೆಯುತ್ತದೆ. ಮೈಸೂರಿನ ಅಂಗಡಿಯವನು ಎಣ್ಣೆ ಬೇಡದ ಕಂಡೆನ್ಸರ್ ಕೊಡಲು ನೋಡಿದ. ಅದು ಸಣ್ಣ ಲೆನ್ಸುಗಳಿಗೆ ಸಾಕು, ನೂರು ಪಟ್ಟು ಹಿಗ್ಗಿಸುವ ಲೆನ್ಸಿಗೆ ಸಾಲದು. ನಾನೇ ಹಠ ಹಿಡಿದು ಎಣ್ಣೆಯದನ್ನು ತರಿಸಿದೆ. ಅದಕ್ಕೂ ಸ್ಲೈಡಿನ ಗಾಜಿಗೂ ನಡುವೆ ಗುಳ್ಳೆಯಿಲ್ಲದಂತೆ ಎಣ್ಣೆಯ ಹನಿ ಕೂರಿಸುವುದು ಕಲಿತೆ.

ಅದರಲ್ಲಿ ಪರೀಕ್ಷೆಗೆಂದು ಮೊದಲು ಬಂದವರು ನಿನ್ನ ಗಂಡ, ಬಸವಪ್ರಸಾದ್ ಭಾವ. ಗುಂಡ್ಲುಪೇಟೆಯಲ್ಲಿ ತೋರಿಸಿದರೆ ಜನ ನೋಡುತ್ತಾರೆ, ಇಲ್ಲಾದರೆ ನಾದಿನಿ ಬಾಯಿ ಬಿಡುವುದಿಲ್ಲ ಎಂಬ ಧೈರ್ಯ. ಎರಡು ವರ್ಷದಿಂದ ಬಂದು ಹೋಗುವ ಹುಣ್ಣು. ಡಾಕ್ಟರು ಅದರ ರಸ ತೆಗೆದು ಕೊಟ್ಟರು. ಕಪ್ಪಿನಲ್ಲಿ ತೆಳ್ಳನೆಯ ಸುರುಳಿ ಎಳೆಗಳು ತಿರುಗುತ್ತಿದ್ದವು. ಸಿಫಿಲಿಸ್, ಅಕ್ಕ; ಗಂಡನಿಂದ ಹೆಂಡತಿಗೆ, ಅವಳಿಂದ ಹೊಟ್ಟೆಯ ಕೂಸಿಗೆ ಅಂಟುವ ರೋಗ.

ಭಾವನೂ ಬಗ್ಗಿ ನೋಡಿ ನಕ್ಕರು. "ಚೆಂದಾಗವೆ ಕಣಮ್ಮಿ! ನಿನ್ ಅಕ್ಕಂಗೆ ಯೋಳ್ಬ್ಯಾಡ. ಮಗಾ ಉಳುಸ್ಕೊಳಕ್ಕಾಗ್ದೋಳ್ಗೆ ಇದೆಲ್ಲ ಯಾಕೆ?"

ನಿನ್ನ ಎರಡೂ ಮಕ್ಕಳು ಹೊಟ್ಟೆಯಲ್ಲೇ ಸತ್ತದ್ದು ಇದರಿಂದಲೇ ಇರಬಹುದು. ನಿನ್ನ ಅತ್ತೆ ನಿನ್ನನ್ನು ಶನಿ ಎಂದರು, ಸೀಮಂತದ ಮನೆಗಳಿಗೆ ಹೋಗದಂತೆ ಮಾಡಿದರು. ನೀನೂ ಅದನ್ನೇ ನಂಬಿಬಿಟ್ಟೆ. ಭಾಗ್ಯ ರಕ್ತ ತೆಗೆಯುತ್ತಾಳೆ, ಕೈ ಕೊಡು. ಪೆನ್ಸಿಲಿನ್ ಕೊಟ್ಟರೆ ವಾಸಿಯಾಗುತ್ತದೆ.

ಚಿಕ್ಕವಳಾದರೂ ಹರಸುತ್ತೇನೆ. ನಿನ್ನ ಮೈ ಗುಣವಾಗಲಿ, ಮುಂದಿನ ಮಗು ಅಳುತ್ತಲೇ ಹುಟ್ಟಲಿ.

ನಿನ್ನ ತಂಗಿ,
ನಾಗರತ್ನ

ವಿ.ಸೂ.: ಇಲ್ಲಿಂದ ಭಾವ ನೇರ ಭೀಮನಬೀಡಿನ ನಮ್ಮ ಮನೆಗೆ ಹೋಗಿ, ನನ್ನನ್ನು ಎರಡನೆಯವಳಾಗಿ ಕೇಳಿದರಂತೆ. ಭಾನುವಾರ ಊರಿಗೆ ಹೋದಾಗ ಕಂಡದ್ದನ್ನೆಲ್ಲ ಅಪ್ಪನಿಗೆ ಹೇಳಿದೆ. "ಸೂಜಿ ಚುಚ್ಚುದ್ರೆ ವಾಸಿ ಆಯ್ತದಂತಲ್ಲ, ಬುಡು" ಎಂದರು. ವೀಳ್ಯ ಬದಲಾಯಿಸಿ ಆಗಿದೆ. ನಾನು ಬೇಡವೆಂದು ಅತ್ತಾಗ ಅಮ್ಮ ಹೇಳಿದಳು: "ನಿಮ್ಮಕ್ಕನೇ ಯೋಳ್ಕಳ್ಸವ್ಳೆ ಕಣಮ್ಮಿ, ಬ್ಯಾರೆಯವ್ಳು ಬರೋಕ್ಕಿಂತ ತಂಗೀನೇ ಬರ್ಲಿ ಅಂತ."

ಹೌದೇ ಅಕ್ಕ?