ಹಸಿದ ಕಾಗೆಯೊಂದನ್ನು ಹುಡುಕಿಕೊಂಡು

ದೊಡ್ಡವ್ವಾ,

ನಡುಗಡ್ಡೆಯ ಕತೆಯನ್ನು ನನಗೆ ಮೊದಲು ಹೇಳಿದವಳು ನೀನು. ನನ್ನನ್ನಿನ್ನೂ ಸ್ಕೂಲಿಗೆ ಸೇರಿಸಿರಲಿಲ್ಲ. ಮಧುವನಹಳ್ಳಿಯಿಂದ ಎತ್ತಿನ ಗಾಡಿ ಕಟ್ಟಿಕೊಂಡು ಶಿವನಸಮುದ್ರಕ್ಕೆ ಹೊರಟಿದ್ದೆವು. ಸತ್ತೇಗಾಲ ದಾಟಿ ಹಳೇ ಕಲ್ಲುಸೇತುವೆ ಹತ್ತುವ ಹೊತ್ತಿಗೆ, ಹೊಳೆ ಯಾಕೆ ಎರಡಾಗಿದೆ ಅಂತ ನನಗೂ ನಿನ್ನ ಮಗಳು ಜಯಿಗೂ ಜಗಳ ಹತ್ತಿತ್ತು. ನೀನು ಎಲೆಯಡಿಕೆ ಅಗಿಯುವುದನ್ನು ನಿಲ್ಲಿಸಿ ಹೇಳಿದೆ: "ಒಬ್ಬ ಮುದುಕಿ ಇಲ್ಲಿ ನೆಲ ಸಾರ್ಸಿ, ಎಲೆ ಹಾಸಿ, ಸತ್ತ ಗಂಡನಿಗೆ ಎಡೆ ಇಕ್ಕಂಡು ಕೂತಿದ್ಲು ಕಣ್ಲಾ. ಕಾವೇರಮ್ಮ ದಡದಡ ಅಂತ ಬಂದವ್ಳು ನೋಡುದ್ಲು. ಇನ್ನೊಬ್ರ ಎಡೆ ತುಳುದ್ರೆ ಆಯ್ತದಾ? ಸೀರೆ ನೆರಿಗೆ ಎತ್ಕಂಡು, ಆ ಕಡೆಗೊಂದು ಕಾಲು, ಈ ಕಡೆಗೊಂದು ಕಾಲು ಇಕ್ಕಂಡು ದಾಟ್ಕಂಡು ಓದ್ಲು."

ಹೊಳೆಗಿದ್ದ ಆ ಮರ್ಯಾದೆ ನಮಗಿಲ್ಲ ದೊಡ್ಡವ್ವ. ಅದನ್ನು ಇನ್ನು ಯಾರ ಹತ್ತಿರ ಹೇಳಿಕೊಳ್ಳಲಿ?

ಆಸ್ಪತ್ರೆಯ ಮಂಚದ ಮೇಲೆ ನೀನು ಕಜ್ಜಾಯ ಕೇಳಿದ ದಿನ ನಾನೂ ಅಲ್ಲೇ ಇದ್ದೆ. "ಸಕ್ರೆ ಕಾಯ್ಲೆ ಅದ, ಡಾಕ್ಟ್ರು ಬ್ಯಾಡ ಅಂದವ್ರೆ ಕನವ್ವ" ಎಂದಳು ಜಯಿ. ನೀನು ಗೋಡೆಯ ಕಡೆ ಮುಖ ತಿರುಗಿಸಿದೆ. ಆಮೇಲೆ ಅವಳ ಕಡೆ ತಿರುಗಲೇ ಇಲ್ಲ. ಸಿಟ್ಟಿತ್ತಾ, ಬರೀ ಸುಸ್ತಿತ್ತಾ... ನೀನು ಹೋದ ಮೇಲೆ ಜಯಿ ಮಾತ್ರ ವರ್ಷವೆಲ್ಲ ಮನಸ್ಸಿನಲ್ಲಿ ಆ ಗೋಡೆಯನ್ನೇ ನೋಡುತ್ತಿದ್ದಳು. ನಿನ್ನ ವರ್ಷದ ಎಡೆಯನ್ನು ಮನೆಯಲ್ಲಿ ಇಡಬೇಡಿ, ಆ ಮುದುಕಿ ಕೂತಿದ್ದ ಜಾಗದಲ್ಲಿ ಇಡಿ ಅಂತ ಮೊದಲೇ ಹೇಳಿದ್ದೆಯಲ್ಲ. ಅದಕ್ಕೇ ಮೊನ್ನೆ, ನಿನ್ನ ವರ್ಷದ ದಿನ, ಅನ್ನ, ಅವರೆಕಾಳಿನ ಸಾರು, ವಡೆ, ಎಲ್ಲಕ್ಕಿಂತ ಮೇಲೆ ಕಜ್ಜಾಯ ಮಾಡಿ ಬುಟ್ಟಿಗೆ ತುಂಬಿದಳು. ನಿನ್ನ ಕಾಯಿಲೆ ಈಗ ಅವಳಿಗೂ ಬಂದಿದೆ. ಬೆಳಿಗ್ಗೆ ಮಾತ್ರೆ ನುಂಗಿದ್ದು ಬಿಟ್ಟರೆ ಹೊಟ್ಟೆಗೆ ಏನೂ ಹಾಕಿರಲಿಲ್ಲ. "ಕಾಗೆ ಮುಟ್ಟೋ ಗಂಟ ಒಂದು ಅಗುಳೂ ಬಾಯಿಗಾಕಲ್ಲ ಅಣ್ಣ. ಮುಟ್ಲಿಲ್ಲ ಅಂದ್ರೆ ಅವ್ವ ಇನ್ನೂ ಮಕ ತಿರುಗುಸ್ಕಂಡೇ ಅವ್ಳೆ ಅಂತ."

ಆ ದಿನ ಗಾಡಿ ಇಳಿದು ನಾವು ಓಡಿದ ಬಂಡೆ ನಿನಗೆ ನೆನಪಿರಬೇಕು, ನೀರಿಗೆ ಕಾಲು ಇಳಿಬಿಟ್ಟು ಕೂರುವಂಥದ್ದು. ಈಗ ಅಲ್ಲಿ ಕಾಲಿಡಲು ಜಾಗ ಇಲ್ಲ. ಒಡೆದ ಬಾಟಲಿ, ಮಕ್ಕಳ ಕಕ್ಕಸು ಬಟ್ಟೆ, ಎಣ್ಣೆ ಜಿನುಗುವ ಪೊಟ್ಟಣ. ಥೂ! ನೀನು ಮುಖ ತೊಳೆದ ಮಡುವಿನಲ್ಲಿ ಶಾಂಪೂ ಪ್ಯಾಕೆಟ್ಟುಗಳು ಎಲೆ ಹಾಗೆ ತೇಲುತ್ತಿದ್ದವು. ಎಡೆ ಇಡಲು ಒಂದು ಮೊಳದಷ್ಟು ಶುದ್ಧ ನೆಲ ಬೇಕಿತ್ತು ನಮಗೆ. ಹುಡುಕಿ ಹುಡುಕಿ ಕೊನೆಗೊಂದು ಬಂಡೆ ಸಿಕ್ಕಿತು. ಫಳಫಳ ಅನ್ನುತ್ತಿತ್ತು! ಮದುವೆಗೆ ಮುಂಚಿನ ಫೋಟೋ ತೆಗೆಸಲು ಬಂದ ಜೋಡಿಯೊಂದು ಕ್ಯಾಮೆರಾಕ್ಕೆ ಬೀಳುವಷ್ಟು ಜಾಗವನ್ನು ಗುಡಿಸಿ, ಗುಡಿಸಿದ್ದನ್ನೆಲ್ಲ ಬಂಡೆಯ ಹಿಂದಕ್ಕೆ ತಳ್ಳಿತ್ತು.

ಜಯಿ ಅಲ್ಲೇ ನೀರು ಚಿಮುಕಿಸಿ ಎಲೆ ಹಾಸಿದಳು. ಫೋಟೋ ತೆಗೆಯುತ್ತಿದ್ದ ಹುಡುಗ ಕೂಗಿದ, "ಆಂಟಿ, ಫ್ರೇಮಲ್ಲಿ ಬರ್ತಿದ್ದೀರ, ಸ್ವಲ್ಪ ಸೈಡಿಗೆ ಬನ್ನಿ."

"ನೀನೇ ವಸಿ ಸೈಡ್ಗೋಗಪ್ಪ. ನಮ್ಮವ್ವ ಉಣ್ಣಕ್ಕೆ ಬತ್ತಳೆ."

"ಎಲ್ಲಿದಾರೆ ಅವರು?"

"ಸತ್ತೋಗವ್ಳೆ."

ಆ ಜೋಡಿ ಎದ್ದ ವೇಗಕ್ಕೆ ಮದುಮಗಳ ಗೌನು ಮುಳ್ಳಿಗೆ ಸಿಕ್ಕಿಕೊಂಡಿತು. ನೀನಿದ್ದಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆ. ನನಗೆ ನಗು ಬರಲಿಲ್ಲ. ಕಾಗೆಗಳೇನೋ ಬೇಕಾದಷ್ಟು ಇದ್ದವು. ನಾವು "ಕಾ ಕಾ" ಅಂತ ಕರೆದರೆ ಕತ್ತು ಓರೆ ಮಾಡಿ ನೋಡುತ್ತಿದ್ದವು, ಅಷ್ಟೇ. ಬಂಡೆಯ ಹಿಂದೆ ಯಾರೋ ಬಿಸುಟ ಬಿರಿಯಾನಿ ಇತ್ತು. ಒಂದು ಕಾಗೆ ಕೋಳಿ ಮೂಳೆ ಕಚ್ಚಿಕೊಂಡು ಬಂದು, ನಿನ್ನ ಎಡೆಯ ಪಕ್ಕದಲ್ಲೇ ಕೂತು, ಅದನ್ನು ಕುಕ್ಕಿ ಮುಗಿಸಿ ಹಾರಿಹೋಯಿತು. ಜಯಿಯ ಮುಖ ನೋಡಲು ಆಗಲಿಲ್ಲ ದೊಡ್ಡವ್ವ.

ಜಯಿಯ ಬೀದಿಯ ಸಿದ್ದರಾಜುವಿನ ವ್ಯಾನಿನಲ್ಲಿ ಹೋಗಿದ್ದೆವು. ಬೆಳಿಗ್ಗೆ ಕೊಳ್ಳೇಗಾಲದಲ್ಲಿ ಟೀ ಕುಡಿದು ಅವನು ಲೋಟವನ್ನು ಕಿಟಕಿಯಿಂದ ಆಚೆ ಎಸೆದಾಗ ಬೈದಿದ್ದೆ. "ನಾನೊಬ್ಬ ಎಸಿದೇ ಇದ್ರೆ ಕಾವೇರಿ ಕಿಲೀನಾಗೋಯ್ತದಾ ಸಾ?" ಎಂದಿದ್ದ. ಮಧ್ಯರಂಗನ ಗುಡಿಯ ಹತ್ತಿರ ಹೋದೆವು, ಭರಚುಕ್ಕಿಗೆ ಹೋದೆವು, ಎಲ್ಲ ಕಡೆಯೂ ಹೊಟ್ಟೆ ತುಂಬಿದ ಕಾಗೆಗಳೇ. ಆಗ ಅವನೇ, "ಯಳಂದೂರಿಗೆ ಓಗವಾ, ಬಳೆಮಂಟಪದತ್ರ ಕಾಗೆ ಜಾಸ್ತಿ" ಎಂದ. ಇಟ್ಟ ಎಡೆಯನ್ನು ಎಲೆಸಮೇತ ಬುಟ್ಟಿಯೊಳಗೆ ಇಳಿಸಿಕೊಂಡು ಹೊರಟೆವು. ಎಡೆ ಎತ್ತಿಕೊಂಡು ಊರೂರು ಸುತ್ತಿದವರನ್ನು ನೀನು ಕಂಡಿದ್ದೀಯಾ?

ಯಳಂದೂರಿನ ಮಂಟಪದಲ್ಲಿ ಕೆತ್ತಿದ ಆ ಕಲ್ಲುಬಳೆಗಳನ್ನು ತೋರಿಸಿ, "ಇವ ತೊಟ್ಕಳೋ ಕೈ ಎಷ್ಟು ದಪ್ಪ ಇದ್ದಾದ್ಲಾ?" ಅಂತ ನೀನು ಕೇಳುತ್ತಿದ್ದೆ. ಬಳೆಗಳು ಹಾಗೇ ಇವೆ. ಪಕ್ಕದ ಕಂಬದ ಮೇಲೆ ಯಾರೋ ತಮ್ಮ ಹೆಸರನ್ನೂ ಹುಡುಗಿಯ ಹೆಸರನ್ನೂ ಕೆತ್ತಿದ್ದಾರೆ. ಆ ಬಳೆಗಳನ್ನು ಕಡೆದ ಕಲ್ಲುಕುಟಿಗನೇ ತನ್ನ ಹೆಸರು ಹಾಕಿಕೊಂಡಿಲ್ಲ, ಇವನಿಗೇನು ಬಂತು? ಕಾಗೆಗಳು ಊರಾಚೆ ಕಾಲುವೆಯ ಮೇಲೆ ಕಪ್ಪಗೆ ಸುತ್ತುತ್ತಿದ್ದವು. ಮಾಂಸದಂಗಡಿಯ ಮೂಟೆಗಳನ್ನು ತಂದು ಅಲ್ಲಿ ಸುರಿಯುತ್ತಾರಂತೆ. ಆ ನಾತಕ್ಕೆ ಜಯಿ ಸೆರಗು ಮುಚ್ಚಿಕೊಂಡು ಓಕರಿಸಿದಳು. ಹೊಟ್ಟೆಯಲ್ಲಿ ಏನಾದರೂ ಇದ್ದರೆ ತಾನೇ ಬರಲು?

"ಅನೂರು ದಾಟುದ್ರೆ ಕಾಡು" ಎಂದ ಸಿದ್ದರಾಜು. "ಕಾಡ್ ಕಾಗೆಗೆ ಬಿರಿಯಾನಿ ಯಾರು ಆಕ್ತರೆ ಸಾ?" ಹನೂರಿನ ದಾರಿ ನಮ್ಮ ಮಧುವನಹಳ್ಳಿಯ ಮೇಲೇ ಅಲ್ಲವೇ? ಜಯಿಯ ಬೀದಿ ಬಂದಾಗ, ಮನೆಗೆ ಹೋಗೋಣ ಎಂದೆ. ಅವಳು ತಲೆ ಎತ್ತಲಿಲ್ಲ. "ಮುಟ್ದೇ ಇರೋ ಎಡೆಯ ಒಸ್ಲು ದಾಟ್ಸಕ್ಕಾಗಲ್ಲ."

ಹಿಂದೊಮ್ಮೆ ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವಾಗ ಹನೂರಿನಾಚೆಯ ಒಂದು ಮರದಡಿಯಲ್ಲಿ ನೀನು ಬುತ್ತಿ ಬಿಚ್ಚಿದ್ದೆ. ಉಂಡ ಮೇಲೆ ಮುತ್ತುಗದ ಎಲೆಗಳನ್ನು ಮಡಚಿ, ಗುಂಡಿ ತೋಡಿ ಮುಚ್ಚಿಸಿದ್ದೆ. ನಾವು ವ್ಯಾನು ನಿಲ್ಲಿಸಿದ್ದು ಅದೇ ಮರದ ಹತ್ತಿರ ಇರಬೇಕು. ನಡೆದು ಬರುವವರಿಗೆ ಯಾರೋ ಪುಣ್ಯ ಕಟ್ಟಿಕೊಳ್ಳಲು ಅಲ್ಲಿ ಅನ್ನ ಬಡಿಸಿದ್ದರು. ತಟ್ಟೆಗಳು ಮಾತ್ರ ಕಾಡಿನೊಳಗೆ ಕಣ್ಣು ಹಾಯುವವರೆಗೂ ಬಿದ್ದಿದ್ದವು. ಒಂದು ಕಡವೆ ನಿಂತು ಪ್ಲಾಸ್ಟಿಕ್ ಅಗಿಯುತ್ತಿತ್ತು. ಮರದ ತುಂಬ ಕಾಗೆ. ಅವಕ್ಕೂ ಹೊಟ್ಟೆ ತುಂಬಿತ್ತು. ಬಾಯಲ್ಲಿ ಮಾದಪ್ಪನ ಹೆಸರು, ಕೈಯಲ್ಲಿ ಈ ಹೇಸಿಗೆ.

ಎಲೆ ಹಾಸಲು ಬಗ್ಗಿದ ಜಯಿ ಹಾಗೇ ಕೂತುಬಿಟ್ಟಳು. ಕೈ ನಡುಗುತ್ತಿತ್ತು, ಹಣೆಯಲ್ಲಿ ತಣ್ಣನೆ ಬೆವರು. ಸಕ್ಕರೆ ಇಳಿದಿತ್ತು. "ಏನಾದ್ರೂ ತಿನ್ನು ಜಯಕ್ಕ, ನಿನ್ನ ಕಾಲಿಗೆ ಬೀಳ್ತೀನಿ" ಅಂತ ಸಿದ್ದರಾಜು ಗೋಗರೆದ. ಅವಳು ತುಟಿ ಬಿಗಿಹಿಡಿದು ಮರದ ಮೇಲಕ್ಕೇ ನೋಡುತ್ತಿದ್ದಳು. ಕತೆ ಹೇಳುವುದೊಂದು ಬಿಟ್ಟು ನನಗೆ ಇನ್ನೇನು ಬರುತ್ತದೆ ದೊಡ್ಡವ್ವ? ನಿನ್ನ ಕತೆಯ ಕೊನೆ ಬರುವ ಹೊತ್ತಿಗೆ ಪ್ರತಿ ಸಲವೂ ಜಯಿಗೆ ನಿದ್ದೆ ಹತ್ತುತ್ತಿತ್ತು. ಅವಳು ಅದನ್ನು ಕೇಳಿಯೇ ಇರಲಿಲ್ಲ. ಅವಳ ಪಕ್ಕ ಕೂತು, ನೀನು ಹೇಳುತ್ತಿದ್ದ ಹಾಗೇ ಹೇಳಿದೆ.

"ದಾಟೋದ ಕಾವೇರಮ್ಮ ತಿರುಗಿ ನೋಡುದ್ಲು. ಮುದುಕಿ ಕೂತೇ ಅವ್ಳೆ. 'ಯಾರಿಗೆ ಕಾಯ್ತಾ ಇದ್ದಯವ್ವ?' ಅಂದ್ಲು. 'ಕಾಗೆಗೆ ಕನವ್ವ, ಅದು ಉಂಡ್ರೆ ನನ್ ಗಂಡ ಉಂಡಂಗೆ' ಅಂದ್ಲು ಮುದುಕಿ. 'ಅಲ್ಲಾ ಕನಮ್ಮಿ, ನಿನ್ ಗಂಡ ತಾಳಿ ಕಟ್ಟಿದ್ದು ಕಾಗೆಗಾ, ನಿಂಗಾ?' ಮುದುಕಿಗೆ ನಗು ತಡಿಯಕ್ಕಾಗಲಿಲ್ಲ. ನಕ್ಕಂಡು ನಕ್ಕಂಡು ತಾನೇ ಎಡೆ ಉಂಡ್ಲು. ಅವಳು ಉಣ್ಣೋದ ನೋಡಿ ಕಾವೇರಮ್ಮನೂ ನಕ್ಕು ಆಯ ತಪ್ಪಿ ಎರಡು ಕಡೆಯಿಂದಲೂ ಬಿದ್ಲು. ಅದೇ ಇವತ್ತಿಗೂ ಕೇಳ್ಸದು, ಆ ನಗು."

ಜಯಿ ನನ್ನನ್ನೇ ನೋಡಿದಳು. "ಅವ್ವ ಕತೆಯ ಇಂಗೇ ಏಳ್ತಿದ್ಲಾ?"

"ಇಂಗೇ ಏಳ್ತಿದ್ಲು. ನಿಮ್ಮವ್ವ ಹೆತ್ತಿದ್ದು ಕಾಗೆಯಾ, ನಿನ್ನಾ?"

ಅವಳು ಅತ್ತಳು. ಅಳುತ್ತಲೇ ನಿನ್ನ ಎಲೆಯ ಮೇಲಿದ್ದ ಕಜ್ಜಾಯ ತೆಗೆದುಕೊಂಡು ಕಚ್ಚಿದಳು. ಕೈ ನಡುಕ ನಿಲ್ಲುವವರೆಗೂ ತಿಂದಳು. ಆಮೇಲೆ ನಮಗೂ ಬಡಿಸಿದಳು. ಆ ಕಸದ ನಡುವೆ ಕೂತು ನಾವು ಮೂವರೂ ನಿನ್ನ ಎಡೆ ಉಂಡೆವು. ಉಂಡ ಎಲೆಗಳನ್ನು ಮಡಚಿ ಮರದಡಿ ಗುಂಡಿ ತೋಡಿದವನು ಸಿದ್ದರಾಜು. ನಾನು ಹೇಳಿರಲಿಲ್ಲ.

ಮಾರನೆಯ ಬೆಳಿಗ್ಗೆ ಅವನು ಜಯಿಯ ಮನೆ ಮುಂದೆ ವ್ಯಾನು ಗುಡಿಸಿದ. ಸೀಟಿನಡಿಯ ಲೋಟ, ಚೀಟು, ಪೊಟ್ಟಣಗಳನ್ನು ಬೊಗಸೆಯಲ್ಲಿ ಹಿಡಿದು ಚರಂಡಿಯ ಕಡೆ ನೋಡಿದ, ನನ್ನ ಕಡೆ ನೋಡಿದ. "ಎಲ್ಲಿಗ್ ಸುರಿಲಿ ಸಾ?" ಬೀದಿಯ ಆ ತುದಿಯಿಂದ ಈ ತುದಿಯವರೆಗೆ ನೋಡಿದೆ, ಒಂದು ಕಸದ ತೊಟ್ಟಿಯೂ ಇರಲಿಲ್ಲ. ಬೈಯುತ್ತಾ ಅದನ್ನು ಮತ್ತೆ ವ್ಯಾನಿನೊಳಕ್ಕೇ ಹಾಕಿಕೊಂಡು ಹೋದ. ಹಿತ್ತಲಿನ ಗೋಡೆಯ ಮೇಲೊಂದು ಕಾಗೆ ಬಂದು ಕೂಗಿತು. "ನೆನ್ನೆ ಎಲ್ಲಿ ಸತ್ತೋಗಿದ್ದೆ?" ಎಂದಳು ಜಯಿ. ಒಳಗೆ ಹೋಗಿ ಉಳಿದಿದ್ದ ಒಂದು ಕಜ್ಜಾಯ ತಂದು ಮುರಿದಳು. ಡಾಕ್ಟರಿಗೆ ಹೇಳಬಾರದ ಸುದ್ದಿ ಇದು, ನಿನಗಷ್ಟೇ. ದೊಡ್ಡ ಚೂರನ್ನು ತಾನು ಬಾಯಿಗೆ ಹಾಕಿಕೊಂಡು, ಚಿಕ್ಕದನ್ನು ಗೋಡೆಯ ಮೇಲಿಟ್ಟಳು.