ಹತ್ತಿದೆ, ಗೊತ್ತಿದೆ

ಕಂಬದಹಾಳು,
ಗಾಳಿ ನಿಂತ ವರ್ಷದಿಂದೀಚೆಗೆ ಏಳನೆಯ ತಲೆಮಾರು,
ಎರಡನೆಯ ಶ್ರಾವಣ, ಮೂವತ್ತೊಂದನೆಯ ತಿಥಿ, ಹೊತ್ತು ಮುಳುಗುವ ಸಮಯ.

ಕಡ್ಡಿ ನೆಡಲಿರುವ ಹಿರಿಯರಿಗೆ,

ಮೂವತ್ತೊಂದನೆಯ ತಿಥಿ ಎಲ್ಲಿಂದ ಬಂತು ಎಂದು ಹುಬ್ಬೇರಿಸಬೇಡಿ. ಲೆಕ್ಕ ಇಡುತ್ತಿದ್ದವರು ಯಾವುದೋ ಒಂದು ದಿನವನ್ನು ಮರೆತರು. ಅವರ ನಂತರದವರು ಅದನ್ನು ಎಲ್ಲಾದರೂ ಸೇರಿಸಬೇಕಲ್ಲ ಎಂದು ತಿಂಗಳ ಕೊನೆಗೆ ಅಂಟಿಸಿದರು. ನನ್ನ ಮಾತೂ ಹಾಗೆಯೇ ಅಲ್ಲಲ್ಲಿ ಅಂಟಿಸಿದಂತೆ ಕಂಡರೆ ಕ್ಷಮಿಸಿ. ಕೆಲವು ಪದಗಳು ನಿಮ್ಮ ಕಾಲಕ್ಕೆ ಇನ್ನೂ ಹುಟ್ಟಿಲ್ಲ. ನಿಮ್ಮನ್ನು ಹಿರಿಯರು ಎನ್ನುವುದೂ ವಿಚಿತ್ರವೇ, ನಿಮ್ಮಲ್ಲಿ ಕೆಲವರಿಗೆ ಇನ್ನೂ ಮೀಸೆ ಬಂದಿರಲಿಕ್ಕಿಲ್ಲ.

ಈ ಕಾಗದ ನಿಮಗೆ ಹೇಗೆ ತಲುಪುತ್ತದೆ ಎಂಬುದು ನನಗೂ ಗೊತ್ತಿಲ್ಲ. ನಮ್ಮ ಒಲೆಯ ಪಕ್ಕದಲ್ಲಿ ನೀವು ಮೊದಲ ಕಡ್ಡಿ ನೆಡಲು ತೋಡಿದ ಗುಂಡಿಯಿದೆ. ಕಡ್ಡಿ ಎಂದೋ ಹೋಯಿತು, ಗುಂಡಿ ಉಳಿದಿದೆ. ನೀವು ತೋಡುವ ಗುಂಡಿಯೂ ಅದೇ, ನಾನು ಕಾಗದ ಹಾಕುವ ಗುಂಡಿಯೂ ಅದೇ. ನಡುವೆ ಇರುವುದು ಬರೀ ಕಾಲ. ತೋಡುವಾಗ ಕೈಗೆ ಕಾಗದ ತಗುಲಿದರೆ ದಯವಿಟ್ಟು ಓದಿ. ಕೇಳುವುದು ಒಂದೇ ಒಂದು ಪದ. ಅದು ನನ್ನ ಮಗಳಿಗಾಗಿ.

ಕಂಬದಹಾಳು ಎಂದರೆ ನಿಮ್ಮ ಗಾಳಿಯಂತ್ರಗಳ ಕಂಬದ ಬುಡದಲ್ಲಿರುವ ಊರು. ಗಾಳಿ ನಿಂತ ಮೇಲೆ ಯಂತ್ರದ ರೆಕ್ಕೆಗಳು ಒಂದೊಂದಾಗಿ ಕಳಚಿ ಬಿದ್ದವು. ಒಂದು ರೆಕ್ಕೆ ಮಗುಚಿ ಹಾಕಿದರೆ ಎರಡು ಸಂಸಾರಕ್ಕೆ ಸೂರು. ಸೂರಿಗೆ ರೆಕ್ಕೆಯಿದೆ, ಸೂರಿನಡಿ ಬೆಕ್ಕಿಲ್ಲ. ನಾಯಿಯೂ ಇಲ್ಲ, ಇಲಿಯೂ ಇಲ್ಲ. ಅದಕ್ಕೆ ಕಾರಣ ಕೀರುಗಡ್ಡಿ. ನಿಮ್ಮ ಅಂಗಡಿಗಳಲ್ಲಿ ಇಲಿ ಓಡಿಸಲೆಂದು ಪ್ಲಗ್ಗಿಗೆ ಸಿಕ್ಕಿಸುವ ಡಬ್ಬಿ ಸಿಗುತ್ತದಂತೆ. ಕೀರುಗಡ್ಡಿ ಅದರ ಮರಿಮಗ. ಮೊಣಕಾಲೆತ್ತರ, ಕಪ್ಪು ಬಣ್ಣ, ನೆತ್ತಿಯ ಮೇಲೆ ಬಿಸಿಲು ಕುಡಿಯುವ ಬಿಲ್ಲೆ. ಊರಿನ ಸುತ್ತ ಸಾಲಾಗಿ ನೆಟ್ಟ ಈ ಕಡ್ಡಿಗಳು ಹಗಲೂ ರಾತ್ರಿ ಸಣ್ಣಗೆ, ಬಹಳ ಸಣ್ಣಗೆ ಕೀರುತ್ತವೆ. ಅದೇ ನಮ್ಮ ಬೇಲಿ. ಬೇಲಿಯ ಆಚೆ ಇರುವುದನ್ನು ನಾವು ‘ಅವು’ ಎನ್ನುತ್ತೇವೆ. ಅವು ಏನು ಎಂದು ನೀವು ಬರೆದಿಡಲಿಲ್ಲ. ನಿಮ್ಮ ಕಾಲದಲ್ಲಿ ಎಲ್ಲರಿಗೂ ಗೊತ್ತಿತ್ತೇನೋ. ಎಲ್ಲರಿಗೂ ಗೊತ್ತಿರುವುದನ್ನು ಯಾರು ತಾನೆ ಬರೆದಿಡುತ್ತಾರೆ?

ಕಡ್ಡಿಯ ಸದ್ದು ಕೇಳುವುದು ಎಳೆಯರಿಗೆ ಮಾತ್ರ. ನಿಮ್ಮಲ್ಲೂ ಹಾಗೆಯೇ ಎಂದು ಓದಿದ್ದೇನೆ: ಹದಿನೈದರ ಹುಡುಗಿ ಕಿವಿ ಮುಚ್ಚಿಕೊಳ್ಳುವ ಸಣ್ಣ ಕೀರಲು ಐವತ್ತರ ಅಪ್ಪನ ಪಾಲಿಗೆ ಇರುವುದೇ ಇಲ್ಲ. ಆದರೆ ನಿಮ್ಮಲ್ಲಿ ಅದು ನಿಧಾನ, ಮೇಲಿನ ಮೆಟ್ಟಿಲಿನಿಂದ ಒಂದೊಂದಾಗಿ ಇಳಿದ ಹಾಗೆ, ಇಳಿದದ್ದೇ ಗೊತ್ತಾಗುವುದಿಲ್ಲ. ನಮ್ಮಲ್ಲಿ ಬೇಗ. ಹುಟ್ಟಿದಾಗಿನಿಂದ ನಮ್ಮನ್ನು ಕಾಯುವ ಸದ್ದೇ ನಮ್ಮ ಕಿವಿ ತಿನ್ನುತ್ತದೆ. ಇಪ್ಪತ್ತು ದಾಟುವಷ್ಟರಲ್ಲಿ ಕಡ್ಡಿಯ ಕೀರಲು ಮರೆಯಾಗುತ್ತದೆ. ಅದಕ್ಕೆ ‘ಕಿವಿ ಮಾಗುವುದು’ ಎನ್ನುತ್ತೇವೆ. ನನ್ನ ಕಿವಿ ಮಾಗಿದ ಸಂಜೆ ನಾನು ಬೇಲಿಯೇ ಆರಿತು ಎಂದುಕೊಂಡು ಕಿರುಚುತ್ತಾ ಗುಡ್ಡ ಇಳಿದು ಓಡಿ ಬಂದಿದ್ದೆ. ಊರೆಲ್ಲ ನಕ್ಕು ಬಾಯಿಗೆ ಬೆಲ್ಲ ಹಾಕಿತು.

ಮಾಗಿದ ಮೇಲೂ ಕಿವಿ ಅಲ್ಲಿಗೇ ನಿಲ್ಲುವುದಿಲ್ಲ. ನಲವತ್ತರ ಹೊತ್ತಿಗೆ ‘ಸ’ ಹೋಗುತ್ತದೆ. ಬಾಯಲ್ಲಿ ಇರುತ್ತದೆ, ಕಿವಿಯಲ್ಲಿ ಇರುವುದಿಲ್ಲ. ಇದ್ದ ಜಾಗದಲ್ಲಿ ಬರೀ ಉಸಿರು, ಒಂದು ‘ಹ’. ಹಿಂದೆ ಕನ್ನಡದಲ್ಲಿ ಪಾಲು ಹೋಗಿ ಹಾಲಾಯಿತಲ್ಲ, ನಮ್ಮಲ್ಲಿ ಸಾಲು ಹೋಗಿ ಹಾಲಾಯಿತು. ಊಟಕ್ಕೆ ಕೂತವರು ‘ಸಾಕು’ ಎಂದರೆ ಬಡಿಸುವವರಿಗೆ ‘ಹಾಕು’ ಎಂದು ಕೇಳುತ್ತದೆ. ಹೀಗಾಗಿ ನಮ್ಮೂರಿನ ನಡುವಯಸ್ಸಿನವರಿಗೆಲ್ಲ ಹೊಟ್ಟೆ. ಇದನ್ನು ನಾವು ತಮಾಷೆ ಎಂದೇ ತಿಳಿದಿದ್ದೆವು. ನನ್ನ ಮಗಳಿಗೆ ನಾನಿಟ್ಟ ಹೆಸರು ಸುವ್ವಿ. ಊರು ಕರೆದದ್ದು ಹುವ್ವಿ. ಅವಳು ಮೊದಮೊದಲು ಮುಖ ಊದಿಸಿಕೊಳ್ಳುತ್ತಿದ್ದಳು, ಆಮೇಲೆ ಎರಡಕ್ಕೂ ಓಗೊಟ್ಟಳು.

ಈಗ ಊರಿನಲ್ಲಿ ಎಳೆಗಿವಿಯವಳು ಸುವ್ವಿಯೊಬ್ಬಳೇ, ಉಳಿದವರೆಲ್ಲ ನಲವತ್ತು ದಾಟಿದವರು. ಆದ್ದರಿಂದ ಗುಡ್ಡದ ಮೇಲಿನ ಕಿವಿಗಟ್ಟೆಯಲ್ಲಿ ಇರಬೇಕಾದವಳೂ ಅವಳೇ. ಕಿವಿಗಟ್ಟೆ ಎಂದರೆ ಒಂದು ಬಂಡೆ, ಒಂದು ಕಂಬಳಿ, ಒಂದು ನೀರಿನ ಗಡಿಗೆ. ಊಟ ಬುಟ್ಟಿಯಲ್ಲಿ ಹೋಗುತ್ತದೆ. ಅವಳು ಹಗ್ಗ ಎಳೆದುಕೊಳ್ಳುತ್ತಾಳೆ. ಹುಣ್ಣಿಮೆಗೊಮ್ಮೆ ಎಣ್ಣೆ ನೀರಿಗೆ ಇಳಿದು ಬರುತ್ತಾಳೆ. ಕಳೆದ ಸಲ ಬಂದಾಗ ನನ್ನ ಬೆನ್ನ ಹಿಂದೆ ನಿಂತು ಏನೋ ಪಿಸುಗುಟ್ಟಿದಳು. ನನಗೆ ಕೇಳಲಿಲ್ಲ.

“ಅವ್ವಾ, ನಿನ್ನ ಕಿವಿ ಹಣ್ಣಾಗಿ ಉದುರೋ ಹಂಗಾಗೈತೆ ಬಿಡು” ಎಂದಳು.

“ನಿಂದು ಇನ್ನೂ ಕಾಯಿ. ಅದಕ್ಕೇ ಮಾತು ಒಗರು” ಎಂದೆ.

“ಒಗರು ಅಂದ್ರೆ ಚಿಗುರು, ಹಣ್ಣು ಅಂದ್ರೆ ಮಣ್ಣು!” ಎಂದು ನಗುತ್ತಾ ಗುಡ್ಡ ಹತ್ತಿದಳು. ನಮ್ಮೂರಿನಲ್ಲಿ ಮಾತಿಗೆ ಮಾತು ಕೊಡುವುದೆಂದರೆ ಪ್ರಾಸಕ್ಕೆ ಪ್ರಾಸ ಕೊಡುವುದು. ಸುವ್ವಿ ಅದರಲ್ಲಿ ಪಕ್ಕಾ. ಜಡೆಯ ತುದಿಯನ್ನು ಬಾಯಲ್ಲಿಟ್ಟು ಒಂದು ಗಳಿಗೆ ಅಗಿಯುವಳು, ಆಮೇಲೆ ಹೊಡೆಯುವಳು.

ಸಂಜೆಯ ಕೂಗು ಹೀಗೆ: ಹೊತ್ತು ಮುಳುಗುವಾಗ ಅವಳು ಬಂಡೆಯ ಮೇಲೆ ನಿಂತು, ಬೇಲಿಯ ಸದ್ದು ಸುತ್ತಲೂ ಇದೆಯೆಂದು ಕೇಳಿ ನೋಡಿ, “ಹತ್ತಿದೆ!” ಎಂದು ಕೂಗುತ್ತಾಳೆ. ದೀಪ ಹತ್ತಿದೆ ಎನ್ನುವ ಹಾಗೆ. ಕೆಳಗೆ ತಿಪ್ಪಯ್ಯಜ್ಜ ಕಬ್ಬಿಣದ ಕಂಬಕ್ಕೆ ಕಲ್ಲಿನಿಂದ ಒಂದು ಏಟು ಹಾಕುತ್ತಾನೆ; ಊರೆಲ್ಲ ಒಟ್ಟಿಗೆ “ಗೊತ್ತಿದೆ!” ಎನ್ನುತ್ತದೆ. ಆಮೇಲೆ ಬಾಗಿಲು ಹಾಕಿ ಮಲಗುತ್ತೇವೆ. ಇದು ನೀವು ಹಾಕಿಕೊಟ್ಟ ಕಟ್ಟಳೆ. ಆದರೆ ಹಿರಿಯರೇ, ಬೇಲಿ ಇದ್ದಾಗ ಏನು ಕೂಗಬೇಕು ಎಂದು ಹೇಳಿಕೊಟ್ಟಿರಿ. ಇಲ್ಲದಾಗ ಏನು ಕೂಗಬೇಕು ಎಂದು ಹೇಳಲೇ ಇಲ್ಲ. ಏಳು ತಲೆಮಾರಿನಲ್ಲಿ ಅದು ಬೇಕಾಗಲೂ ಇಲ್ಲ.

ಇವತ್ತಿಗೆ ಮೂರು ದಿನದ ಹಿಂದೆ ಒಂದು ಸಂಜೆ ಅವಳು ಎಂದಿಗಿಂತ ಬೇಗ ಕೂಗಿದಳು. ನಾವು ಗೊತ್ತಿದೆ ಎಂದೆವು. ಮತ್ತೆ ಕೂಗಿದಳು. ಮತ್ತೆ ಗೊತ್ತಿದೆ ಎಂದೆವು. ಅವಳು ಬಿಡಲಿಲ್ಲ, ಗಂಟಲು ಹರಿಯುವ ಹಾಗೆ ಅದನ್ನೇ ಕೂಗಿದಳು.

“ಏನವ್ವಾ ಈರಕ್ಕ, ನಿನ್ನ ಮಗಳಿಗೆ ಈ ಪಾಟಿ ಹುರುಪು? ಬೇಗ ಒಂದು ಗಂಡು ನೋಡು” ಎಂದ ತಿಪ್ಪಯ್ಯಜ್ಜ, ಕಂಬಕ್ಕೆ ಏಟು ಹಾಕುತ್ತಾ.

“ಮೊದಲು ಊರಲ್ಲಿ ಗಂಡು ಎಲ್ಲೈತೆ ತೋರ್ಸಜ್ಜ” ಎಂದೆ. ಎಲ್ಲರೂ ನಕ್ಕರು. ನಗುತ್ತಲೇ ಕೊನೆಯ ಸಲ ಗೊತ್ತಿದೆ ಎಂದೆವು. ಅವಳು ಸುಮ್ಮನಾದಳು.

ಮಾರನೆಯ ದಿನ ನಾಯಿಗಳು ಬಂದವು. ನಮ್ಮಲ್ಲಿ ಬದುಕಿರುವ ಯಾರೂ ನಾಯಿ ನೋಡಿದವರಲ್ಲ. ನಿಮ್ಮ ಕಾಲದ ಬಿಸ್ಕತ್ತಿನ ಡಬ್ಬಿಯೊಂದರ ಮೇಲೆ ಚಿತ್ರವಿದೆ, ಅಷ್ಟೇ. ಮುದುಕಿಯರು ಸಂಭ್ರಮದಿಂದ ರೊಟ್ಟಿ ಮುರಿದು ಹಿಡಿದುಕೊಂಡು ನಿಂತರು. ನಾಯಿಗಳು ಬೊಗಳಲಿಲ್ಲ. ರೊಟ್ಟಿ ಮೂಸಲಿಲ್ಲ. ಮನೆಗಳ ಸಂದಿಯಲ್ಲಿ, ನಮ್ಮ ಕಾಲುಗಳ ಸಂದಿಯಲ್ಲಿ ನುಸುಳಿ, ಎಲ್ಲವೂ ಮೂಡಣದಿಂದ ಪಡುವಣಕ್ಕೆ ಓಡಿಹೋದವು. ಅವುಗಳ ಹಿಂದೆ ಮೊಲಗಳು ಓಡಿಬಂದವು. ನಾಯಿ ಮೊಲವನ್ನು ಅಟ್ಟುತ್ತದೆ ಎಂದು ಪುಸ್ತಕದಲ್ಲಿ ಓದಿದ್ದೆ. ಇಲ್ಲಿ ಮೊಲಗಳು ಹಿಂದಿದ್ದವು. ಎರಡನ್ನೂ ಬೇರೆ ಏನೋ ಅಟ್ಟುತ್ತಿತ್ತು.

ಬೇಲಿ ಇರುವಾಗ ನಾಯಿ ಹೇಗೆ ಒಳಗೆ ಬಂತು ಎಂದು ಕೇಳಿದೆ. ಸಂಜೆ ಕೂಗು ಬಂತಲ್ಲ, ಹತ್ತಿದೆಯಲ್ಲ ಎಂದರು. ಅಂದು ಸಂಜೆಯೂ ಬಂತು. ಅದರ ಮಾರನೆಯ ಸಂಜೆಯೂ ಬಂತು, ಒಂದೇ ಸಲ, ನಿಧಾನವಾಗಿ. ಆದರೆ ಇವತ್ತು ಬೆಳಿಗ್ಗೆ ಊಟ ಕಳಿಸುವ ಸರದಿ ನನ್ನದು; ಬುಟ್ಟಿ ಎಳೆದು ನೋಡಿದರೆ ನಿನ್ನೆಯ ರೊಟ್ಟಿ ಹಾಗೆಯೇ ಇತ್ತು; ಅದರಡಿಯಲ್ಲಿ ಮೊನ್ನೆಯದೂ ಇತ್ತು.

ನಾನು ಗುಡ್ಡ ಹತ್ತಿದೆ. ಕಂಬಳಿ ಮಡಿಸಿಟ್ಟಿತ್ತು. ಗಡಿಗೆಯ ನೀರಿನಲ್ಲಿ ಇರುವೆ ತೇಲುತ್ತಿದ್ದವು. ಸುವ್ವಿ ಇರಲಿಲ್ಲ. ಮೂಡಣದ ಇಳಿಜಾರಿನ ಕೀರುಗಡ್ಡಿಗಳ ಹತ್ತಿರ ಹೋದೆ. ಬಿಲ್ಲೆಗಳ ಕೆಳಗೆ ಸದಾ ಉರಿಯುವ ಸಾಸಿವೆ ಕಾಳಿನಷ್ಟು ಕೆಂಪು ದೀಪ ಒಂದರಲ್ಲೂ ಇರಲಿಲ್ಲ. ಮುಟ್ಟಿದರೆ ತಣ್ಣಗಿದ್ದವು. ಕೊನೆಯ ಕಡ್ಡಿಯ ಪಕ್ಕದಲ್ಲಿ ಅವಳ ಬರಿಗಾಲಿನ ಗುರುತು. ಅದು ಬೇಲಿ ದಾಟಿ ಆಚೆಗೆ ಹೋಗಿತ್ತು. ಯಾರೋ ಎಳೆದ ಗುರುತಲ್ಲ. ನಡೆದು ಹೋದ ಗುರುತು.

ಬೇಲಿ ಸತ್ತಿದೆ, ಇವಳು ಯಾಕೆ ಹತ್ತಿದೆ ಎಂದು ಕೂಗಿದಳು? ಅಲ್ಲೇ ನಿಂತು ನನ್ನಷ್ಟಕ್ಕೆ ಗಟ್ಟಿಯಾಗಿ ಹೇಳಿಕೊಂಡೆ: “ಸತ್ತಿದೆ.”

ನನ್ನ ಬಾಯಿ ಸತ್ತಿದೆ ಎಂದಿತು. ನನ್ನ ಕಿವಿಗೆ ಹತ್ತಿದೆ ಎಂದು ಕೇಳಿತು.

ಇನ್ನೊಂದು ಸಲ ಹೇಳಿದೆ. ತುಟಿಯ ಮೇಲೆ ಬೆರಳಿಟ್ಟುಕೊಂಡು ಹೇಳಿದೆ. ಅದೇ ಕೇಳಿತು. ಮೊದಲ ಸಂಜೆ ಅವಳು ತನ್ನ ಕಿವಿ ಮಾಗಿತೇನೋ ಎಂದು ಅನುಮಾನಿಸಿರಬೇಕು. ಆದರೆ ಜೀರುಂಡೆಗಳ ಕಿರುಚಾಟ ಕೇಳುತ್ತಿತ್ತು, ಆದ್ದರಿಂದ ಕಿವಿಯಲ್ಲ, ಕಡ್ಡಿ. ಕೂಗಲು ಪದವಿರಲಿಲ್ಲ. ಊರಿನ ರೂಢಿಯಂತೆ ಪ್ರಾಸ ಹುಡುಕಿದಳು. ಸತ್ತಿದೆ ಎಂದು ಕೂಗಿದಳು. ಊರೆಲ್ಲ ಒಂದೇ ದನಿಯಲ್ಲಿ, ನಗುತ್ತಾ, ಗೊತ್ತಿದೆ ಎಂದಿತು. ಕನ್ನಡದ ಪ್ರಾಸವೆಲ್ಲ ಎರಡನೆಯ ಅಕ್ಷರದಲ್ಲಿ. ನಮ್ಮ ಜೀವವಿದ್ದದ್ದು ಮೊದಲನೆಯದರಲ್ಲಿ. ಗೊತ್ತಿದ್ದೂ ಇವರು ಸುಮ್ಮನಿದ್ದಾರೆ ಎಂದುಕೊಂಡು ಅವಳೊಬ್ಬಳೇ ಬೇಲಿ ನೋಡಲು ಹೋಗಿದ್ದಾಳೆ.

ನಾನು ಇನ್ನೂ ಅಲ್ಲೇ ನಿಂತಿದ್ದಾಗ ಕೂಗು ಬಂತು. ನಡುಹಗಲು. ಕಿವಿಗಟ್ಟೆಯಿಂದಲ್ಲ, ಬೇಲಿಯ ಆಚೆಯ ಕುರುಚಲಿನಿಂದ. ಸುವ್ವಿಯದೇ ದನಿ. ಅದೇ ಪದ. ಎರಡು ಸಂಜೆ ನಾವು ಕೇಳಿ ನೆಮ್ಮದಿಯಾಗಿ ಮಲಗಿದ ಪದ. ನಾನು ಮಗಳ ಹೆಸರು ಹಿಡಿದು ಕರೆದೆ. ಕುರುಚಲು ಅಲುಗಲಿಲ್ಲ. ಪದ ಮಾತ್ರ ಮತ್ತೆ ಬಂತು, ಸ್ವಲ್ಪ ಹತ್ತಿರದಿಂದ.

ಇಳಿದು ಬಂದು ತಿಪ್ಪಯ್ಯಜ್ಜನ ತೋಳು ಹಿಡಿದು, “ಅಜ್ಜ, ಬೇಲಿ ಸತ್ತಿದೆ” ಎಂದೆ.

“ಗೊತ್ತಿದೆ ಕಣವ್ವ, ಗೊತ್ತಿದೆ” ಎಂದು ನನ್ನ ತಲೆ ಸವರಿದ.

“ಅಯ್ಯೋ, ಕೆಟ್ಟಿದೆ ಅಜ್ಜ! ಕೆಟ್ಟಿದೆ!”

ಅದು ಕೇಳಿಸಿತು. ಅಜ್ಜನ ಕೈಯಲ್ಲಿದ್ದ ಕಲ್ಲು ಜಾರಿ ಬಿತ್ತು. ಕೆಟ್ಟಿದೆ ಎಂಬ ಪದ ಎಷ್ಟು ಮಾಗಿದ ಕಿವಿಗೂ ಕಲ್ಲಿನಂತೆ ಬೀಳುತ್ತದೆ. ಅದೂ ನಮ್ಮ ಬಾಯಲ್ಲೇ ಇತ್ತು.

ಈಗ ಊರಿನ ಬಾಗಿಲೆಲ್ಲ ಹಾಕಿದೆ. ಒಲೆಯ ಬೆಳಕಿನಲ್ಲಿ ಬರೆಯುತ್ತಿದ್ದೇನೆ. ಇದನ್ನು ಶುರುಮಾಡುವ ಮೊದಲೇ ಬಾಗಿಲಾಚೆ ಯಾರೋ ಬಂದು ನಿಂತಾಗಿದೆ. “ಅವ್ವಾ, ಬಾಗಿಲು ತೆಗಿ.” ಸುವ್ವಿಯ ದನಿ, ಸುವ್ವಿಯ ರಾಗ. ಯಾರು ಎಂದು ಕೇಳಿದೆ. ಹೆಸರು ಹೇಳಿತು ದನಿ. ಅವಳೇ ಆಗಿದ್ದರೆ ಸುವ್ವಿ ಎಂದಿರುತ್ತಾಳೆ. ಬೇಲಿಯ ಆಚೆ ಕೂತು ಇಷ್ಟು ವರ್ಷ ನಮ್ಮ ಊರಿನ ಮಾತು ಕೇಳಿ ಕಲಿತದ್ದಾಗಿದ್ದರೆ ಹುವ್ವಿ ಎಂದಿರುತ್ತದೆ. ನನಗೆ ಎರಡೂ ಒಂದೇ. ಹೆತ್ತ ಮಗಳ ಮೊದಲ ಅಕ್ಷರ ನನಗೆ ಕೇಳುವುದಿಲ್ಲ.

ಪ್ರಾಸ ಕೊಟ್ಟು ನೋಡಿದೆ. “ಹಣ್ಣು ಅಂದ್ರೆ?” ಎಂದೆ.

“ಮಣ್ಣು” ಎಂದಿತು. ಸರಿಯಾದ ಉತ್ತರ. ಆದರೆ ನಾನು ಕೇಳಿ ಮುಗಿಸುವ ಮೊದಲೇ ಬಂತು. ಜಡೆ ಅಗಿಯುವಷ್ಟೂ ಹೊತ್ತು ಹಿಡಿಯಲಿಲ್ಲ. ಹೆದರಿದ ಹುಡುಗಿ ಬೇಗ ಮಾತಾಡಬಹುದು ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ.

ನನ್ನ ಬೇಡಿಕೆ ಇಷ್ಟೇ. ಕಡ್ಡಿ ನೆಡುವಾಗ ಮಕ್ಕಳಿಗೆ ಎರಡನೆಯ ಪದವನ್ನೂ ಕಲಿಸಿ: ಕೆಟ್ಟಿದೆ. ಅದಕ್ಕೆ ಪ್ರಾಸ ಕೂಡದಿದ್ದರೂ ಚಿಂತೆಯಿಲ್ಲ. ಎಳೆಯರ ಕೂಗಿಗೆ ಗೊತ್ತಿದೆ ಎಂದು ಉತ್ತರ ಕೊಡುವುದನ್ನು ಮಾತ್ರ ಯಾರಿಗೂ ಕಲಿಸಬೇಡಿ. ಏನಂದೆ ಎಂದು ಕೇಳುವುದನ್ನು ಕಲಿಸಿ. ಮಕ್ಕಳಿಗೆ ಹೆಸರಿಡುವಾಗ ಮುದಿ ಕಿವಿಯಲ್ಲೂ ಉಳಿಯುವ ಅಕ್ಷರ ಹುಡುಕಿ. ಮ ಇದೆ, ಬ ಇದೆ. ನನಗೆ ಯಾರೂ ಹೇಳಲಿಲ್ಲ. ನೀವು ಇಷ್ಟು ಮಾಡಿದರೆ ನಾನು ಈ ಕಾಗದ ಬರೆಯುವುದೇ ಇಲ್ಲ, ಅವಳು ಗುಡ್ಡದ ಮೇಲೆ ಜಡೆ ಅಗಿಯುತ್ತಾ ಕೂತಿರುತ್ತಾಳೆ. ನಿಮ್ಮ ಕೈಯಲ್ಲಿ ಕಾಗದ ಇಲ್ಲದಿದ್ದರೆ ಅದೇ ನನಗೆ ಸಿಕ್ಕ ಉತ್ತರ.

ಹೊರಗೆ ನಿಂತಿರುವುದು ಮಗಳಾಗಿದ್ದರೆ ಕತ್ತಲಲ್ಲಿ ಇನ್ನೆಷ್ಟು ಹೊತ್ತು ನಿಲ್ಲಿಸಲಿ? ಮೊದಲು ಕಾಗದವನ್ನು ಗುಂಡಿಗೆ ಹಾಕುತ್ತೇನೆ, ಆಮೇಲೆ ಬಾಗಿಲು ತೆಗೆಯುತ್ತೇನೆ. ಆದ್ದರಿಂದ ಕೊನೆಯ ವಾಕ್ಯ ಅರ್ಧಕ್ಕೇ ನಿಲ್ಲುತ್ತದೆ. ಕನ್ನಡದಲ್ಲಿ ಇದೊಂದು ಅನುಕೂಲ: ಅವಳೋ ಅದೋ ಎಂದು ಕ್ರಿಯಾಪದದ ಬಾಲ ಬರುವವರೆಗೂ ಹೇಳಬೇಕಾಗಿಲ್ಲ. ಬಾಲವನ್ನು ನಾನು ಬಾಗಿಲಲ್ಲಿ ನೋಡಿಕೊಳ್ಳುತ್ತೇನೆ.

ಇರಲಿ, ಬರುತ್ತೇನೆ.

ಈರಕ್ಕ, ಸುವ್ವಿಯ ತಾಯಿ.

ಹೊಸಿಲಿನಾಚೆ, ಒಲೆಯ ಬೆಳಕು ಬಾಗಿಲ ಸಂದಿಯಿಂದ ಬೀಳುವಷ್ಟು ಹತ್ತಿರದಲ್ಲಿ, ನನ್ನ ಮಗಳ ದನಿಯಲ್ಲಿ ಅವ್ವಾ ಎನ್ನುತ್ತಾ ನಿಂತಿ